ನಿಮಗಿದು ಗೊತ್ತೇ? ದಬ್ಬಾಳಿಕೆ ಮುಗಿದ ಮೇಲೆ ಹೆಂಗಸರ ಪಾಲಿಗೆ ಬಂದದ್ದೇನು?

ದರ್ಪದ ಆಡಳಿತ ಬಿದ್ದ ಮೇಲೆ ದೇಶ ಹೊಸದಾಗಿ ಕಾನೂನು ಬರೆಯಲು ಕೂರುತ್ತದೆ. ಆ ಹೊತ್ತು ಬಹಳ ದಿನ ಇರುವುದಿಲ್ಲ. ಅಷ್ಟರೊಳಗೆ ಹೆಂಗಸರು ತಮ್ಮ ಪಾಲನ್ನು ಬರೆಸಿಕೊಂಡರೋ ಇಲ್ಲವೋ ಎಂಬುದರ ಮೇಲೆ ಮುಂದಿನ ತಲೆಮಾರುಗಳ ಬದುಕು ನಿಂತಿರುತ್ತದೆ. ನಮಗೆ ಅಂಥ ಹೊತ್ತು ಎರಡು ಸಲ ಬಂತು: 1947ರಲ್ಲಿ ಒಮ್ಮೆ, 1977ರಲ್ಲಿ ಇನ್ನೊಮ್ಮೆ. ಎರಡನೆಯದರಲ್ಲಿ ಬೀರೂರು, ಕಡೂರು, ತರೀಕೆರೆಯ ಮತದಾರರಿಗೂ ಒಂದು ಪಾತ್ರವಿತ್ತು.

ನಮ್ಮ ಜಿಲ್ಲೆ, ನಮ್ಮ ಮತ

1. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಕಡೂರು ಜಿಲ್ಲೆ. ಸ್ವಾತಂತ್ರ್ಯ ಬಂದ ವರ್ಷವೇ ಹೆಸರೂ ಬದಲಾಯಿತು.

2. ತುರ್ತುಪರಿಸ್ಥಿತಿ ಹೇರಿದ ಪ್ರಧಾನಿಯನ್ನು 1977ರಲ್ಲಿ ರಾಯ್‌ಬರೇಲಿ ಸೋಲಿಸಿ ಮನೆಗೆ ಕಳಿಸಿತು. ಮರುವರ್ಷವೇ ಅವರನ್ನು ಗೆಲ್ಲಿಸಿ ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. ಸಂಸದ ಡಿ.ಬಿ. ಚಂದ್ರೇಗೌಡರು ಜಾಗ ಬಿಟ್ಟುಕೊಟ್ಟರು. 1978ರ ನವೆಂಬರ್ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಬೀರೂರು, ಕಡೂರು, ತರೀಕೆರೆ ಆಗ ಇದೇ ಕ್ಷೇತ್ರದಲ್ಲಿದ್ದವು.

3. ಆ ಗೆಲುವು ತಿಂಗಳೊಪ್ಪತ್ತೂ ಬಾಳಲಿಲ್ಲ. 1978ರ ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ನಮ್ಮ ಕ್ಷೇತ್ರದ ಕುರ್ಚಿ ಮತ್ತೆ ಖಾಲಿ. ಆ ನಿರ್ಣಯವನ್ನು ಲೋಕಸಭೆಯೇ 1981ರಲ್ಲಿ ರದ್ದುಮಾಡಿತು.

4. ಚಿಕ್ಕಮಗಳೂರು ಹೆಸರಿನ ಕ್ಷೇತ್ರಗಳಿಂದ ದೆಹಲಿಗೆ ಹೋದ ಹೆಂಗಸರು ಇಂದಿರಾ ಒಬ್ಬರೇ ಅಲ್ಲ. ಡಿ.ಕೆ. ತಾರಾದೇವಿ 1984 ಮತ್ತು 1991ರಲ್ಲಿ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವೆಯೂ ಆದರು. ಶೋಭಾ ಕರಂದ್ಲಾಜೆ 2014 ಮತ್ತು 2019ರಲ್ಲಿ ಉಡುಪಿ-ಚಿಕ್ಕಮಗಳೂರಿನಿಂದ ಗೆದ್ದರು. ಆದರೆ ಅಷ್ಟರಲ್ಲಿ ಬೀರೂರಿನವರ ಮತ ಬೇರೆ ಕಡೆ ಹೋಗಿತ್ತು. 2008ರ ಮರುವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ ಊರು ಕಡೂರಿಗೆ ಸೇರಿತು, ಕಡೂರು ಹಾಸನ ಲೋಕಸಭೆಗೆ ಸೇರಿತು.

5. ಊರೂರಿನ ಸ್ತ್ರೀಶಕ್ತಿ ಸಂಘಗಳು ಶುರುವಾದದ್ದು 2000ನೇ ಇಸವಿಯ ಯೋಜನೆಯಿಂದ. ಆಗ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾಗಿದ್ದವರು ನಮ್ಮ ಜಿಲ್ಲೆಯ ಮೂಡಿಗೆರೆಯ ಮೋಟಮ್ಮ. ಮುಂದೆ ಅವರು ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕಿಯೂ ಆದರು.

ಅರಸರ ಕಾಲದಲ್ಲೇ ಶುರು

6. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು ಎಂದು ಮೈಸೂರು ಸಂಸ್ಥಾನ ಕಾನೂನು ಮಾಡಿದ್ದು 1894ರಲ್ಲಿ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ಅದೇ ಕಾನೂನು ನಿಷೇಧಿಸಿತು. ಇಂಥದ್ದಕ್ಕೂ ಕಾನೂನು ಬೇಕಾಗಿತ್ತು ಎಂದರೆ ಆ ಕಾಲ ಹೇಗಿತ್ತೆಂದು ಊಹಿಸಿ.

7. ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ಮೈಸೂರು ಸರ್ಕಾರ 1909ರಲ್ಲಿ ನಿಲ್ಲಿಸಿತು. ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಬಸವಿ ಬಿಡುವುದು ಮಾತ್ರ ನಿಲ್ಲಲಿಲ್ಲ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಂ ಅವರ ‘ನಾನು ಕೊಂದ ಹುಡುಗಿ’ ಕಥೆಯ ವಸ್ತು ಇದೇ. ಕರ್ನಾಟಕಕ್ಕೆಲ್ಲ ಅನ್ವಯಿಸುವ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ.

8. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ. ಹೆಣ್ಣು ಎಂಬ ಕಾರಣಕ್ಕೆ ಮತ ನಿರಾಕರಿಸುವ ನಿಯಮ ಹೋದದ್ದು 1923ರ ಕಾಯ್ದೆಯಲ್ಲಿ. ಅಲ್ಲಿಗೂ ಆಸ್ತಿ, ಕಂದಾಯದ ಶರತ್ತು ಉಳಿದೇ ಇತ್ತು. ತನ್ನ ಹೆಸರಿನಲ್ಲಿ ಜಮೀನೇ ಇಲ್ಲದ ಹೆಂಗಸಿಗೆ ಆ ಮತ ಎಲ್ಲಿಂದ ಸಿಗಬೇಕು?

9. ಅದಕ್ಕೇ 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ಮುಖ್ಯವಾಗುತ್ತದೆ. ಮನೆ ಪಾಲಾಗುವಾಗ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂದು ಮೈಸೂರು ಆಗಲೇ ಹೇಳಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು ಅದಕ್ಕಿಂತ ನಾಲ್ಕು ವರ್ಷ ತಡವಾಗಿ, 1937ರಲ್ಲಿ.

10. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯ ಅಂತರದಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿದವರಲ್ಲಿ ಅವರೂ ಒಬ್ಬರು.

11. ಬಳ್ಳಾರಿ ಸಿದ್ದಮ್ಮ 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು. 1952ರ ಮೊದಲ ಚುನಾವಣೆಯಲ್ಲಿ ದಾವಣಗೆರೆಯಿಂದ ಶಾಸಕಿಯಾದರು. ಚಳವಳಿಯಲ್ಲಿದ್ದ ಎಲ್ಲ ಹೆಂಗಸರಿಗೂ ಟಿಕೆಟ್ ಸಿಗಲಿಲ್ಲ ಎನ್ನುವುದೂ ಅಷ್ಟೇ ನಿಜ.

ಸಂವಿಧಾನ ಬರೆಯುವ ಹೊತ್ತಿಗೆ

12. ಸಂವಿಧಾನ ಸಭೆಯ 299 ಸದಸ್ಯರಲ್ಲಿ ಹೆಂಗಸರು 15. ಮೈಸೂರು ಸಂಸ್ಥಾನದಿಂದ ಹೋದವರು ಏಳು ಮಂದಿ. ಅವರಲ್ಲಿ ಹೆಂಗಸರೆಷ್ಟು? ಒಬ್ಬರೂ ಇಲ್ಲ.

13. 1947ರ ಆಗಸ್ಟ್ 14ರ ರಾತ್ರಿ ಭಾರತದ ಹೆಂಗಸರ ಪರವಾಗಿ ಸಭೆಗೆ ರಾಷ್ಟ್ರಧ್ವಜ ಒಪ್ಪಿಸಿದವರು ಹಂಸಾ ಮೆಹ್ತಾ. ಆ ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್, ಏಕೈಕ ಮುಸ್ಲಿಂ ಮಹಿಳೆ ಬೇಗಂ ಐಜಾಜ್ ರಸೂಲ್.

14. ಹೆಂಗಸರಿಗೆ ಮೀಸಲು ಸೀಟು ಬೇಡ ಎಂದು ಆಗ ವಾದಿಸಿದವರು ಯಾರು? ಹೆಂಗಸರೇ. ಮೀಸಲು ಇಟ್ಟರೆ ಸಾಮಾನ್ಯ ಸೀಟಿಗೆ ಹೆಂಗಸರ ಹೆಸರನ್ನು ಯಾರೂ ಎತ್ತುವುದಿಲ್ಲ ಎಂಬುದು ರೇಣುಕಾ ರೇ ಅವರ ವಾದ. ಮೀಸಲು ಇಡದೆಯೂ ಪಕ್ಷಗಳು ಹೆಸರೆತ್ತಲಿಲ್ಲ ಎನ್ನುವುದು ಮುಂದಿನ ಚುನಾವಣೆಗಳಲ್ಲಿ ಗೊತ್ತಾಯಿತು.

15. ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರನ್ನು ತೆಗೆದುಹಾಕಬೇಕಾಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಇದು ಹೆಚ್ಚು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಉಳಿಸಲು ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ.

16. ಮಗಳಿಗೂ ಆಸ್ತಿ, ಬೇಡವಾದ ಮದುವೆಯಿಂದ ಬಿಡುಗಡೆ: ಇದನ್ನು ಸೇರಿಸಿ ಹಿಂದೂ ಸಂಹಿತೆಯ ಕರಡು ಮಾಡಿದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಮಸೂದೆ ಸಂಸತ್ತಿನಲ್ಲಿ ಮುಗ್ಗರಿಸಿದಾಗ 1951ರಲ್ಲಿ ಅಂಬೇಡ್ಕರ್ ಮಂತ್ರಿ ಪದವಿ ಬಿಟ್ಟರು. ಅವರು ಕೊಟ್ಟ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಮುಂದೆ 1955-56ರಲ್ಲಿ ಆ ಮಸೂದೆ ಬಿಡಿ ಬಿಡಿ ಕಾಯ್ದೆಗಳಾಗಿ ಬಂತು.

ಬಾಯಿಗೆ ಬೀಗ ಬಿದ್ದ 21 ತಿಂಗಳು

17. 1975ರ ಜೂನ್ 25ರ ರಾತ್ರಿ ಘೋಷಣೆಯಾದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮರುದಿನವೇ ಬಂಧನಕ್ಕೊಳಗಾಗಿ ಬೆಂಗಳೂರು ಕೇಂದ್ರ ಕಾರಾಗೃಹ ಸೇರಿದರು.

18. ಅದೇ ಜೈಲಿನಲ್ಲಿ ಮುಂದೆ ನಟಿ ಸ್ನೇಹಲತಾ ರೆಡ್ಡಿ ಎಂಟು ತಿಂಗಳು ಇದ್ದರು. 1976ರ ಮೇ 2ರಂದು ಅವರನ್ನು ಬಂಧಿಸಿದ್ದು ಬರೋಡಾ ಡೈನಮೈಟ್ ಪ್ರಕರಣದ ನಂಟಿದೆಯೆಂದು. ಆದರೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ವಿಚಾರಣೆಯಿಲ್ಲದೆ ಕೂಡಿಹಾಕಲು ಮೀಸಾ ಕಾಯ್ದೆ ಸಾಕಾಗಿತ್ತು. ಉಬ್ಬಸದ ರೋಗಿಯಾಗಿದ್ದ ಅವರ ಚೀರಾಟ ರಾತ್ರಿಯ ಹೊತ್ತು ತಮಗೆ ಕೇಳಿಸುತ್ತಿತ್ತು ಎಂದು ದಂಡವತೆ ಬರೆದಿದ್ದಾರೆ. ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 18ರಂದು ಚುನಾವಣೆಯ ಪ್ರಕಟಣೆಯಾಯಿತು. 20ರಂದು ಸ್ನೇಹಲತಾ ತೀರಿಕೊಂಡರು. ಜೈಲಿನಲ್ಲಿ ಅವರು ಬರೆದಿಟ್ಟ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು.

19. ‘ಸಂಸ್ಕಾರ’ ಚಿತ್ರದ ಚಂದ್ರಿ ಎಂದರೆ ಹಳಬರಿಗೆ ತಟ್ಟನೆ ನೆನಪಾಗುವವರು ಈ ಸ್ನೇಹಲತಾ ಅವರೇ. 1970ರ ಆ ಚಿತ್ರ ಚಿತ್ರೀಕರಣಗೊಂಡದ್ದು ನಮ್ಮ ಜಿಲ್ಲೆಯ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಮೊದಲು ಸೆನ್ಸಾರ್ ತಡೆಯಿತು. ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು.

20. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ದೇಶದ ಪ್ರಧಾನಿ ಹೆಂಗಸು, ನಮ್ಮ ವಿಧಾನಸಭೆಯ ಅಧ್ಯಕ್ಷೆಯೂ ಹೆಂಗಸು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ಆ ಪೀಠದಲ್ಲಿದ್ದರು. ಅವರಾದ ಮೇಲೆ ಅಲ್ಲಿ ಇನ್ನೊಬ್ಬ ಹೆಂಗಸು ಕೂತಿಲ್ಲ. ಮೇಲಿನ ಎರಡು ಕುರ್ಚಿಗಳಲ್ಲಿ ಹೆಂಗಸರಿದ್ದರೂ ಜೈಲಿನ ಕೋಣೆಯಲ್ಲಿದ್ದ ಹೆಂಗಸಿಗೆ ಅದರಿಂದ ಏನೂ ಒದಗಲಿಲ್ಲ.

21. ಸಮಾನ ಕೆಲಸಕ್ಕೆ ಸಮಾನ ಕೂಲಿಯ ಕಾನೂನು ಬಂದದ್ದೂ ತುರ್ತುಪರಿಸ್ಥಿತಿಯಲ್ಲೇ. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಆದರೆ ಅರ್ಧ ಕೂಲಿ ಕೊಟ್ಟರೆಂದು ದೂರಲು ಸಭೆ, ಮುಷ್ಕರ, ಪತ್ರಿಕೆ ಬೇಕಲ್ಲ? ಅವಕ್ಕೆ ಬೀಗ ಬಿದ್ದಿತ್ತು. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ಲೆಕ್ಕ ಹೊಲಗದ್ದೆಗಳಲ್ಲಿ ಇನ್ನೂ ಅಳಿದಿಲ್ಲ.

22. ಹೆಂಗಸರ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂದು ಸಂವಿಧಾನ ಹೇಳುತ್ತದೆ. ಅದನ್ನು ಸೇರಿಸಿದ್ದು 1976ರ 42ನೇ ತಿದ್ದುಪಡಿ. ನಾಗರಿಕರ ಹಕ್ಕುಗಳನ್ನು ಮೊಟಕುಗೊಳಿಸಿತೆಂದು ಹೆಸರು ಕೆಡಿಸಿಕೊಂಡ ತಿದ್ದುಪಡಿಯೂ ಅದೇ.

23. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ಜನ ರೊಚ್ಚಿಗೆದ್ದ ಮೇಲೆ ಸರ್ಕಾರಗಳು ಗಂಡಸರ ತಂಟೆಗೆ ಹೋಗುವುದನ್ನೇ ಬಿಟ್ಟವು. ಆ ಹೊರೆ ಯಾರ ಮೇಲೆ ಬಿತ್ತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದಂಪತಿಗಳಲ್ಲಿ ಹೆಂಡತಿಗೆ ಆಪರೇಷನ್ ಆದವರು ಶೇ 37.9, ಗಂಡನಿಗೆ ಆದವರು ಶೇ 0.3.

24. ತುರ್ತುಪರಿಸ್ಥಿತಿಯಲ್ಲಿ ಬದುಕುವ ಹಕ್ಕಿಗಾಗಿಯೂ ನ್ಯಾಯಾಲಯದ ಬಾಗಿಲು ಬಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1976ರ ಏಪ್ರಿಲ್‌ನಲ್ಲಿ ಹೇಳಿತು. ಒಪ್ಪದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಅಳಿಸಿಹಾಕಿದ್ದು 2017ರ ಖಾಸಗಿತನದ ತೀರ್ಪು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬೀಗ ತೆಗೆದ ಮೇಲೆ

25. ಪ್ರಜಾಪ್ರಭುತ್ವವನ್ನು ಮರಳಿ ತಂದ 1977ರ ಚುನಾವಣೆಯಲ್ಲಿ ಲೋಕಸಭೆಗೆ ಗೆದ್ದ ಹೆಂಗಸರು 19. ಲೋಕಸಭೆಯ ಇತಿಹಾಸದಲ್ಲೇ ಅತಿ ಕಡಿಮೆ. ದಬ್ಬಾಳಿಕೆ ಹೋದ ಮಾತ್ರಕ್ಕೆ ಹೆಂಗಸರಿಗೆ ಜಾಗ ಸಿಗುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

26. 1978ರ 44ನೇ ತಿದ್ದುಪಡಿಯಿಂದಾಗಿ ಮುಂದೆ ಎಂಥ ತುರ್ತುಪರಿಸ್ಥಿತಿ ಬಂದರೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ತಡೆಹಿಡಿಯುವಂತಿಲ್ಲ.

27. ಹುಡುಗಿಯ ಮದುವೆಯ ವಯಸ್ಸು 15ರಿಂದ 18ಕ್ಕೆ, ಹುಡುಗನದು 18ರಿಂದ 21ಕ್ಕೆ ಏರಿದ್ದೂ 1978ರಲ್ಲೇ.

28. ಹೆಂಗಸರನ್ನು ಸಾಕ್ಷಿ ವಿಚಾರಣೆಗೆಂದು ಪೊಲೀಸರು ಠಾಣೆಗೆ ಕರೆಸುವಂತಿಲ್ಲ. ಆಕೆ ಇರುವ ಮನೆಗೇ ಬಂದು ಕೇಳಬೇಕು. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇದನ್ನು ಒತ್ತಿ ಹೇಳಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲೂ ಈ ರಕ್ಷಣೆ ಉಳಿದಿದೆ.

29. ಮದುವೆಯಾಗಲು ಸರ್ಕಾರದ ಅಪ್ಪಣೆ ಬೇಕು, ಮದುವೆಯಾದರೆ ರಾಜೀನಾಮೆಯನ್ನೂ ಕೇಳಬಹುದು. ವಿದೇಶಾಂಗ ಸೇವೆಯಲ್ಲಿ ಹೆಂಗಸರಿಗೆ ಮಾತ್ರ ಇದ್ದ ನಿಯಮ ಇದು. ಆ ಸೇವೆಗೆ ಸೇರಿದ ಮೊದಲ ಮಹಿಳೆ ಕೊಡಗಿನ ಸಿ.ಬಿ. ಮುತ್ತಮ್ಮ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1979ರ ಸೆಪ್ಟೆಂಬರಿನಲ್ಲಿ ಆ ನಿಯಮಗಳ ಜಾತಕ ಬಿಚ್ಚಿಟ್ಟು, ಹೆಣ್ಣು-ಗಂಡಿನ ಭೇದದ ನಿಯಮಗಳನ್ನೆಲ್ಲ ಪರಿಶೀಲಿಸಿ ಕಳೆ ಕೀಳುವಂತೆ ಸರ್ಕಾರಕ್ಕೆ ಹೇಳಿದರು.

30. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಆರೋಪಿಗಳನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿದಾಗ, 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೇ ಬಹಿರಂಗ ಪತ್ರ ಬರೆದರು. ಹೆಂಗಸರ ಸಂಘಟನೆಗಳು ಊರೂರಲ್ಲಿ ಬೀದಿಗಿಳಿದವು. ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಸೆನ್ಸಾರ್ ಇದ್ದ ದಿನಗಳಲ್ಲಿ ಆ ಪತ್ರ ಅಚ್ಚಾಗುವುದೇ ಕಷ್ಟವಿತ್ತು.

31. ಹೆಂಗಸರಿಗೆ ಉಚಿತ ವಕೀಲರ ನೆರವು ಸಿಗಲು ಬಡತನದ ಪ್ರಮಾಣಪತ್ರ ಬೇಕೇ? ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣಾಗಿದ್ದರೆ ಸಾಕು, ಆದಾಯದ ಮಿತಿ ಇಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು.

ಪಂಚಾಯ್ತಿಯ ಕುರ್ಚಿ

32. ಜನತಾ ಸರ್ಕಾರ 1977ರ ಡಿಸೆಂಬರಿನಲ್ಲಿ ನೇಮಿಸಿದ ಅಶೋಕ್ ಮೆಹ್ತಾ ಸಮಿತಿ ಪಂಚಾಯ್ತಿಗಳಿಗೆ ಮರುಜೀವ ಕೊಡುವ ದಾರಿ ಹೇಳಿತು. ಹೆಂಗಸರ ವಿಷಯಕ್ಕೆ ಬಂದಾಗ ಮಾತ್ರ ಕೈ ಬಿಗಿ: ಹೆಚ್ಚು ಮತ ಪಡೆದ ಇಬ್ಬರು ಹೆಂಗಸರನ್ನು ಸೇರಿಸಿಕೊಂಡರೆ ಸಾಕು ಎಂದಿತು.

33. ಕರ್ನಾಟಕ ಅಷ್ಟಕ್ಕೆ ನಿಲ್ಲಲಿಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ, ತಂದ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯ್ತಿ ಕಾಯ್ದೆ ಶೇ 25ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ನಾಮಕರಣವಲ್ಲ, ನೇರ ಚುನಾವಣೆ. ಕಾಯ್ದೆಯ ಹಿಂದಿನ ಶಕ್ತಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು ಇವರೇ.

34. ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು. 1987ರ ಜನವರಿಯಲ್ಲಿ ಚುನಾವಣೆ. ಸುಮಾರು 14,000 ಹೆಂಗಸರು ಒಂದೇ ಏಟಿಗೆ ಸದಸ್ಯರಾದರು. ಹೆಂಗಸರು ನಿಲ್ಲುವುದಿಲ್ಲ, ನಿಂತರೂ ಗೆಲ್ಲುವುದಿಲ್ಲ, ಗೆದ್ದರೂ ಸಭೆಗೆ ಬರುವುದಿಲ್ಲ ಎನ್ನುತ್ತಿದ್ದ ಕಟ್ಟೆಯ ಪಂಡಿತರು ಸುಮ್ಮನಾಗಬೇಕಾಯಿತು.

35. ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಕರ್ನಾಟಕದ ಚುನಾವಣೆಯಾಗಿ ಆರು ವರ್ಷದ ಮೇಲೆ. ಸದಸ್ಯತ್ವದಲ್ಲಿ ಮೂರನೇ ಒಂದು ಪಾಲು. ಜೊತೆಗೆ ಅಧ್ಯಕ್ಷ ಸ್ಥಾನಗಳಲ್ಲೂ ಮೂರನೇ ಒಂದು ಪಾಲು. ಸದಸ್ಯೆಯಾಗಿ ಸಭೆಯಲ್ಲಿ ಕೂರುವುದು ಬೇರೆ, ಅಧ್ಯಕ್ಷೆಯಾಗಿ ಸಭೆ ನಡೆಸುವುದು ಬೇರೆ.

36. ಕರ್ನಾಟಕ ಪಂಚಾಯ್ತಿಗಳಲ್ಲಿ ಹೆಂಗಸರ ಪಾಲನ್ನು 2010ರ ತಿದ್ದುಪಡಿಯಲ್ಲಿ ಅರ್ಧಕ್ಕೆ ಏರಿಸಿತು.

37. ಚುನಾವಣೆಯೇ ನಡೆಯದಿದ್ದರೆ ಮೀಸಲಾತಿಯೂ ಇಲ್ಲ! 1992ರಲ್ಲಿ ಮಂಡಲ ಪಂಚಾಯ್ತಿಗಳ ಅವಧಿ ಮುಗಿದ ಮೇಲೆ 1993ರ ಡಿಸೆಂಬರಿನವರೆಗೆ ಆಡಳಿತಾಧಿಕಾರಿಗಳ ಕಾರುಬಾರು. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದಾಗಲೂ ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರುಗಳಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಅರ್ಧದಷ್ಟು ಸ್ಥಾನ ಕಾಗದದಲ್ಲೇ ಉಳಿಯಿತು.

38. ಅಧ್ಯಕ್ಷೆಯ ಗಂಡ ಸಭೆಯಲ್ಲಿ ಕೂತು ಅಪ್ಪಣೆ ಕೊಡುವುದಕ್ಕೆ ಯಾವ ಕಾನೂನಿನಲ್ಲೂ ಜಾಗವಿಲ್ಲ. ಚೆಕ್ಕಿಗೆ, ನಡಾವಳಿಗೆ ಬೀಳುವ ಸಹಿ ಆಕೆಯದು. ಲೆಕ್ಕ ತಪ್ಪಿದರೆ ನೋಟಿಸ್ ಬರುವುದೂ ಆಕೆಗೇ.

ತೋಟದಲ್ಲಿ ಮಗಳ ಪಾಲು

39. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ದೇಶಕ್ಕೆ ಅದು ಬಂದದ್ದು 2005ರ ಸೆಪ್ಟೆಂಬರ್ 9ರಂದು. ನಮ್ಮ ಕಾಯ್ದೆಯಲ್ಲಿ ಒಂದು ಮುಳ್ಳಿತ್ತು: 1994ರ ಆ ದಿನಕ್ಕಿಂತ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು!

40. ಕೇಂದ್ರದ ತಿದ್ದುಪಡಿ ಆ ಮುಳ್ಳನ್ನು ತೆಗೆಯಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಮಾಡಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಕ್ರಮವಾಗಿ ಆದ ವಿಭಾಗವನ್ನು ಕೆದಕುವಂತಿಲ್ಲ.

41. ಕಡೂರಿನ ತೆಂಗಿನ ತೋಟವಿರಲಿ, ತರೀಕೆರೆಯ ಅಡಿಕೆ ತೋಟವಿರಲಿ, ವಿಭಾಗದ ದಿನ ಅಕ್ಕತಂಗಿಯರನ್ನು ಕರೆಸಿ ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಒಲ್ಲೆನೆಂದರೆ ತವರಿನ ಬಾಗಿಲು ಮುಚ್ಚುವ ಭಯ. ನೋಂದಾಯಿತ ಖುಲಾಸೆ ಪತ್ರಕ್ಕೆ ಸಹಿ ಬಿದ್ದ ಮೇಲೆ ಅದನ್ನು ಬಿಡಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಲೇಬೇಕು. ಓದಿಸಿ ಕೇಳದೆ ಸಹಿ ಹಾಕಬೇಡಿ.

ಹೊರದೇಶದ ಸುದ್ದಿ

42. ಜಪಾನ್: ಯುದ್ಧದಲ್ಲಿ ಸೋತ ಮೇಲೆ 1946ರ ಏಪ್ರಿಲ್ 10ರಂದು ಅಲ್ಲಿನ ಹೆಂಗಸರು ಮೊದಲ ಬಾರಿ ಮತ ಹಾಕಿದರು. 39 ಹೆಂಗಸರು ಗೆದ್ದರು. ಮದುವೆಯಲ್ಲಿ ಗಂಡ-ಹೆಂಡತಿ ಸಮಾನರು ಎಂಬ ವಿಧಿಯ ಕರಡು ಬರೆದ ಬಿಯಾಟೆ ಸಿರೋಟಾಗೆ ಆಗ 22 ವರ್ಷ.

43. ಜರ್ಮನಿ: ಹಿಟ್ಲರ್ ನಂತರ ಪಶ್ಚಿಮ ಜರ್ಮನಿಯ ಸಂವಿಧಾನ ಬರೆದ 65 ಮಂದಿಯಲ್ಲಿ ಹೆಂಗಸರು ನಾಲ್ವರು. ಹೆಣ್ಣು-ಗಂಡು ಸಮಾನರು ಎಂಬ ವಾಕ್ಯವನ್ನು ಸಮಿತಿ ತಳ್ಳಿಹಾಕಿದಾಗ ಎಲಿಸಬೆತ್ ಸೆಲ್ಬರ್ಟ್ ದೇಶವೆಲ್ಲ ಸುತ್ತಿ ಹೆಂಗಸರನ್ನು ಎಬ್ಬಿಸಿದರು. ಪತ್ರಗಳು ರಾಶಿ ರಾಶಿ ಬಂದು ಬಿದ್ದ ಮೇಲೆ ವಾಕ್ಯ ಉಳಿಯಿತು. ಆದರೂ ಮನೆಗೆಲಸಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಎಂಬ ಕಾನೂನು ಹೋದದ್ದು 1977ರಲ್ಲಿ.

44. ಸ್ಪೇನ್: ಫ್ರಾಂಕೋ ಆಡಳಿತದಲ್ಲಿ ಹೆಂಡತಿ ಕೆಲಸಕ್ಕೆ ಸೇರಲು, ಬ್ಯಾಂಕ್ ಖಾತೆ ತೆರೆಯಲು ಗಂಡನ ಒಪ್ಪಿಗೆ ಬೇಕಿತ್ತು. ಅದು ರದ್ದಾದದ್ದು 1975ರ ಮೇನಲ್ಲಿ, ಆತ ಸಾಯುವ ಆರು ತಿಂಗಳು ಮುಂಚೆ. 1978ರ ಸಂವಿಧಾನದ ಕರಡು ಬರೆದ ಏಳು ಮಂದಿಯೂ ಗಂಡಸರೇ.

45. ದಕ್ಷಿಣ ಆಫ್ರಿಕಾ: ವರ್ಣಭೇದ ಕೊನೆಗಾಣಿಸುವ ಮಾತುಕತೆಯಲ್ಲಿ 1993ರಲ್ಲಿ ಒಂದು ನಿಯಮ ಬಂತು: ಪ್ರತಿ ಪಕ್ಷದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು ಹೆಂಗಸಾಗಿರಬೇಕು.

46. ರುವಾಂಡ: 1994ರ ನರಮೇಧದ ನಂತರ 2003ರ ಸಂವಿಧಾನ ಶೇ 30 ಸ್ಥಾನ ಮೀಸಲಿಟ್ಟಿತು. 2008ರಲ್ಲಿ ಹೆಂಗಸರೇ ಹೆಚ್ಚಿರುವ ಜಗತ್ತಿನ ಮೊದಲ ಸಂಸತ್ತಾಯಿತು.

47. ನೇಪಾಳ: ಅರಸೊತ್ತಿಗೆಯನ್ನು ರದ್ದುಮಾಡಿದ 2008ರ ಸಂವಿಧಾನ ಸಭೆಯ 601 ಸದಸ್ಯರಲ್ಲಿ 197 ಹೆಂಗಸರು. ನಮ್ಮ 299ರಲ್ಲಿ 15ಕ್ಕೆ ಹೋಲಿಸಿ ನೋಡಿ.

48. ಅಫ್ಘಾನಿಸ್ತಾನ: 2004ರ ಸಂವಿಧಾನ ಹೆಂಗಸರಿಗೆ ಕೆಳಮನೆಯ 249ರಲ್ಲಿ 68 ಸ್ಥಾನ ಕೊಟ್ಟಿತ್ತು. 2021ರ ಆಗಸ್ಟಿನಲ್ಲಿ ತಾಲಿಬಾನ್ ಬಂದಿತು. ಹುಡುಗಿಯರಿಗೆ ಹೈಸ್ಕೂಲು ಕೂಡ ಉಳಿಯಲಿಲ್ಲ.

ಇನ್ನೂ ಬರಬೇಕಾದದ್ದು

49. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10. ಅವರಲ್ಲೊಬ್ಬರು ಮೂಡಿಗೆರೆಯ ನಯನಾ ಮೋಟಮ್ಮ. 2024ರ ಲೋಕಸಭೆಯಲ್ಲಿ 543ಕ್ಕೆ 74. ಪಂಚಾಯ್ತಿಯಲ್ಲಿ ಅರ್ಧ, ವಿಧಾನಸೌಧದಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

50. ಶಾಸನಸಭೆಗಳಲ್ಲಿ ಮಹಿಳಾ ಮೀಸಲಾತಿಯ ಮಸೂದೆ ಮೊದಲು ಮಂಡನೆಯಾದದ್ದು 1996ರ ಸೆಪ್ಟೆಂಬರಿನಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದು 106ನೇ ತಿದ್ದುಪಡಿಯಾಗಿ ಅಂಗೀಕಾರವಾದದ್ದು 27 ವರ್ಷದ ಮೇಲೆ, 2023ರಲ್ಲಿ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲಷ್ಟೇ ಅದರ ಫಲ ಎಂಬ ಶರತ್ತನ್ನೂ ಅದರಲ್ಲೇ ಬರೆದರು.

51. ಆ ಮೀಸಲಾತಿಗೆ ಆಯುಷ್ಯವನ್ನೂ ಗೊತ್ತುಮಾಡಿದ್ದಾರೆ: 15 ವರ್ಷ. ಆಮೇಲೂ ಬೇಕಾದರೆ ಸಂಸತ್ತು ಮುಂದುವರಿಸಬೇಕು.

52. ಪಂಚಾಯ್ತಿ, ಪುರಸಭೆಗಳಲ್ಲಿ ಹೆಂಗಸರಿಗಿರುವ ಮೀಸಲಾತಿಗೆ ಎಷ್ಟು ವರ್ಷದ ಗಡುವು? ಗಡುವೇ ಇಲ್ಲ. ಸಂವಿಧಾನದ 243ಡಿ ಮತ್ತು 243ಟಿ ವಿಧಿಗಳು ಪರಿಶಿಷ್ಟರ ಮೀಸಲಾತಿಗೆ ಕಾಲಮಿತಿ ಹೇಳುತ್ತವೆ, ಹೆಂಗಸರದಕ್ಕೆ ಹೇಳುವುದಿಲ್ಲ. ದೆಹಲಿಯ ಕುರ್ಚಿಗೆ 15 ವರ್ಷದ ವಾಯಿದೆ, ಬೀರೂರು ಪುರಸಭೆಯ ಮತ್ತು ಸುತ್ತಲ ಪಂಚಾಯ್ತಿಗಳ ಕುರ್ಚಿಗೆ ವಾಯಿದೆಯೇ ಇಲ್ಲ. ಕೆಳಗಿನ ಕುರ್ಚಿಯಲ್ಲಿ 1987ರಿಂದಲೇ ಕೂತು ಕೆಲಸ ಮಾಡಿ ತೋರಿಸಿದವರು ಕರ್ನಾಟಕದ ಹೆಂಗಸರು.